ಇಂಟರ್ವಲ್ ಆದಮೇಲೆ ಕಾಣೆಯಾದವಳು

ಮೊದಲು ಗುಟ್ಟು ಹೇಳಿಬಿಡುತ್ತೇನೆ. ಯಾರಿಗೂ ಹೇಳಬಾರದೆಂದು ನನ್ನ ಗಂಡ ನನ್ನಿಂದ ಆಣೆ ಮಾಡಿಸಿದ್ದಾನೆ. ಅವನಿಗಿಂತ ಮೊದಲು ನನ್ನ ಅಣ್ಣ ಮಾಡಿಸಿದ್ದ. ಅದಕ್ಕೇ ಹೇಳುತ್ತೇನೆ.

ಹೆಂಗಸು ಮಾಯವಾಗುವ ಪೆಟ್ಟಿಗೆಯಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಕಂಬಳಿ ಇದೆ. ಮೂರು ಕಡೆ ಹಲಗೆ, ಬೆನ್ನಿಗೆ ಎರಡು ಕರಿ ಕಂಬಳಿ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು. ನನ್ನ ತವರಿನವರು ಕುರಿ ಸಾಕಿದವರು, ಕಂಬಳಿಗೆ ನಮ್ಮಲ್ಲಿ ಬರವಿಲ್ಲ. ಜಾದೂಗಾರ ಬಾಗಿಲು ಹಾಕಿ, ಕೋಲು ತಿರುಗಿಸಿ, ಬಾಯಿಗೆ ಬಂದದ್ದನ್ನು ಒದರುವಷ್ಟರಲ್ಲಿ ನಾನು ಆ ಎರಡು ಕಂಬಳಿಗಳ ನಡುವೆ ನುಸುಳಿ, ಹಿಂದಿನ ಪರದೆ ದಾಟಿ ನೆಲಕ್ಕೆ ಇಳಿದಿರುತ್ತೇನೆ. ಅವನು ಬಾಗಿಲು ತೆಗೆದಾಗ ಜನರಿಗೆ ಕಾಣುವುದು ಬರೀ ಕಪ್ಪು. ಆಮೇಲೆ ನಾನು ನೆರಿಗೆ ಎತ್ತಿ ಹಿಡಿದು, ಸಂದಿಗೊಂದಿಯಲ್ಲಿ ಓಡಿ, ಜನರ ಬೆನ್ನ ಹಿಂದಿನಿಂದ "ನಾ ಇಲ್ಲಿ ಅದೀನ್ರೀ" ಎಂದು ನಗುತ್ತ ಬರಬೇಕು. ಚಪ್ಪಾಳೆ ಅವನಿಗೆ. ಏದುಸಿರು ನನಗೆ. ದಾರಿಯಲ್ಲಿ ಸಗಣಿ ತುಳಿಯುವವಳೂ ನಾನೇ.

ಎದುರಿಗೆ ಗಂಡನಿಗೆ 'ರಿ' ಹಚ್ಚಿಯೇ ಮಾತಾಡುತ್ತೇನೆ. ಬರೆಯುವಾಗ ಹಚ್ಚುವುದಿಲ್ಲ. ಅಷ್ಟು ಸೇಡಾದರೂ ನನ್ನ ಪಾಲಿಗಿರಲಿ.

ಅಣ್ಣನೂ ಗಂಡನೂ ಮೊದಲು ಜಿಗರಿ ದೋಸ್ತರು. ಅಣ್ಣ ನಮ್ಮ ಕುಬಿಹಾಳದವ, ಇವನು ಶಲವಡಿಯವ. ಸುತ್ತಲಿನ ಶಾಲೆಗಳ ಗ್ಯಾದರಿಂಗಿಗೆ, ಗಣಪತಿ ಕೂರಿಸಿದ ಓಣಿಗಳಿಗೆ ಇಬ್ಬರೂ ಕೂಡಿ ಹೋಗಿ ಜಾದೂ ತೋರಿಸುತ್ತಿದ್ದರು. ಪೆಟ್ಟಿಗೆಯೊಳಗೆ ನಿಲ್ಲಲು ಒಂದು ಹೆಣ್ಣು ಬೇಕಲ್ಲ, ಮಂದಿ ತಮ್ಮ ಮನೆಯ ಹುಡುಗಿಯರನ್ನು ಕಳಿಸುತ್ತಾರೆಯೇ? ಅಣ್ಣ ನನ್ನನ್ನೇ ನಿಲ್ಲಿಸಿದ. ಪರದೆ ಹಿಡಿಯುತ್ತಿದ್ದ ದೋಸ್ತ ಪರದೆಯ ಸಂದಿಯಿಂದಲೇ ನನ್ನನ್ನು ನೋಡಿ ಒಪ್ಪಿದ. ಹೀಗೆ ಒಂದು ಪೆಟ್ಟಿಗೆಯಿಂದ ತೆಗೆದು ಇನ್ನೊಂದು ಪೆಟ್ಟಿಗೆಗೆ ನನ್ನನ್ನು ಧಾರೆ ಎರೆದುಕೊಟ್ಟರು.

ಇಬ್ಬರ ದೋಸ್ತಿ ಕೆಟ್ಟದ್ದು ಆ ಮದುವೆಯಲ್ಲೇ. ಅಕ್ಕಿಕಾಳು ಬಿದ್ದು ಮುಗಿದಿತ್ತು, ಬೀಗರು ಹರಟುತ್ತ ಕೂತಿದ್ದರು. ಅಣ್ಣನಿಗೆ ಹುರುಪು ಬಂತು. ಎಲ್ಲರ ಮುಂದೆ ಮದುಮಗನ ತಲೆಯ ಮೇಲಿನ ರುಮಾಲು ಮಾಯ ಮಾಡಿಬಿಟ್ಟ. ಮಾಡಿದ್ದಷ್ಟೇ ಅಲ್ಲ, ಅದನ್ನು ಗೋದಿ ಹುಗ್ಗಿಯ ಕೊಪ್ಪರಿಗೆಯೊಳಗಿನಿಂದ ಎತ್ತಿ ತೋರಿಸಿದ. ಮಂದಿ ಬಿದ್ದು ಬಿದ್ದು ನಕ್ಕರು. ಮದುಮಗನ ನೆತ್ತಿಯ ಮೇಲೆ ಕೂದಲು ಅಷ್ಟಕ್ಕಷ್ಟೇ ಎಂಬುದು ಊರಿಗೆಲ್ಲ ಗೊತ್ತಾಯಿತು. ನನಗೂ ಆಗಲೇ ಗೊತ್ತಾದದ್ದು. ಬೀಗರ ಕಡೆಯ ಹಿರಿಯರು ಹುಗ್ಗಿ ಮುಟ್ಟದೆ ಎದ್ದರು. ನನ್ನ ಗಂಡ ಮಾತ್ರ ನಗುತ್ತಲೇ ಇದ್ದ. ಆ ನಗೆ ನೋಡಿ ನನಗೆ ಅಂಜಿಕೆಯಾಯಿತು.

ಅವನು ಪಂಚಮಿಯವರೆಗೆ ಕಾದ. ಲಗ್ನವಾದ ಮೊದಲ ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋದ. ಜೋಕಾಲಿ ಜೀಕಿ, ಅವ್ವನ ಜೊತೆ ಕೂತು ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಕಟ್ಟಿ, ಹಬ್ಬ ಮುಗಿಸಿಕೊಂಡು ಬಂದೆ. ಬಿಡಲು ಬಂದ ಅಣ್ಣ ಉಂಡಿಯ ಬುಟ್ಟಿ ಹೊತ್ತಿದ್ದ. ತವರಿನ ಉಂಡಿ ಓಣಿಗೆಲ್ಲ ಹಂಚಬೇಕು, ಅದು ಪದ್ಧತಿ. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತರು. ಗಂಡ ತಾನೇ ಮುಂದೆ ಬಂದು ಬುಟ್ಟಿಗೆ ಕೈ ಹಚ್ಚಿ ಇಳಿಸಿದ, ಮೇಲೆ ಹೊದಿಸಿದ ಬಟ್ಟೆ ಸರಿಮಾಡಿದ. ಅಣ್ಣ ಠೀವಿಯಿಂದ ಬಟ್ಟೆ ಸರಿಸಿದರೆ ಬುಟ್ಟಿಯ ತುಂಬ ಕುಳ್ಳು. ಎಮ್ಮೆಯ ಸಗಣಿಯದು, ಚೆನ್ನಾಗಿ ಒಣಗಿದ್ದು. "ಕುಬಿಹಾಳದಾಗ ಉಂಡಿ ಹಿಂಗ ಕಟ್ತಾರೇನ್ರಿ?" ಎಂದು ಒಬ್ಬ ಮುದುಕಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಅಣ್ಣನ ಮುಖ ಇದ್ದಿಲಾಯಿತು. "ನಾ ಇನ್ನ ಈ ಹೊಸ್ತಲಾ ತುಳ್ಯಂಗಿಲ್ಲ" ಎಂದು ಹೊರಟ. ನನ್ನ ಗಂಡ ಹಿಂದಿನಿಂದ, "ನೀನ ಬಂದ ಕರದ್ರಷ್ಟ ನಿನ್ನ ತಂಗಿನ್ನ ಕಳಸ್ತೀನಿ, ಇಲ್ಲಾಂದ್ರ ಇಲ್ಲ" ಎಂದ. ನಾನು ಕೈಯಾರೆ ಕಟ್ಟಿದ ಉಂಡಿಗಳು ಆಮೇಲೆ ದನದ ಕೊಟ್ಟಿಗೆಯ ಅಟ್ಟದ ಮೇಲೆ ಸಿಕ್ಕವು, ಇರುವೆ ಹತ್ತಿ. ಒಬ್ಬನಿಗೆ ರುಮಾಲಿನ ಸೇಡು ತೀರಿತು, ಇನ್ನೊಬ್ಬನಿಗೆ ಹೊಸ ಸೇಡು ಹುಟ್ಟಿತು. ಕೋಣಗಳೆರಡು ಹೋರಾಡಿದರೆ ಗಿಡಕ್ಕೆ ಮಿತ್ತು ಅನ್ನುತ್ತಾರಲ್ಲ, ಆ ಗಿಡ ನಾನು.

ನಮ್ಮ ಕಡೆ ಲಗ್ನವಾದ ಹೆಣ್ಣುಮಗಳು ಪಂಚಮಿಗೆ ತಾನಾಗಿ ತವರಿಗೆ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು, ಹೊಸ್ತಿಲಲ್ಲಿ ಕಾಲು ತೊಳೆದು, ನೀರು ಕುಡಿದು, "ಬಾರವಾ" ಎಂದು ಕರೆಯಬೇಕು. ಕರೆಯದೆ ಹೋದವಳನ್ನು ತವರಿನ ನಾಯಿಯೂ ಮೂಸುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದಳು. ಆಕೆ ಕೆಟ್ಟವಳಲ್ಲ, ಇದ್ದದ್ದು ಹೇಳುವವಳು. ಆಮೇಲಿನ ಒಂದೊಂದು ಪಂಚಮಿಗೂ ಓಣಿಯ ಸೊಸೆಯಂದಿರೆಲ್ಲ ಅಣ್ಣಂದಿರ ಹಿಂದೆ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅತ್ತೆ ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ "ಇಲ್ಲೇ ತೂಗ್ಯಾಡ ಬೇ" ಅಂದಳು. ಗಂಡನ ಮನೆಯ ಜೋಕಾಲಿ ಜೀಕಿದರೆ ಎಲ್ಲಿಗೂ ಮುಟ್ಟುವುದಿಲ್ಲ. ಹಗ್ಗ ಬಿಚ್ಚಿ ಎಮ್ಮೆಗೆ ಕಟ್ಟಿದೆ. ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಅಳುವಾಗ ಇಬ್ಬರನ್ನೂ ಬೈದಿದ್ದೇನೆ, ಒಬ್ಬನಿಗೂ ಕಡಿಮೆ ಮಾಡದೆ.

ಇಷ್ಟಾದರೂ ಇಬ್ಬರೂ ಜಾದೂ ಬಿಡಲಿಲ್ಲ. ನನ್ನ ಗಂಡ ನನ್ನನ್ನು ತನ್ನ ಪೆಟ್ಟಿಗೆಯಲ್ಲಿ ನಿಲ್ಲಿಸಿದ. ಅಣ್ಣನಿಗೆ ಹೆಣ್ಣು ಸಿಗಲಿಲ್ಲ, ಪೆಟ್ಟಿಗೆಗೂ ಇಲ್ಲ, ಲಗ್ನಕ್ಕೂ ಇಲ್ಲ. ಹುಬ್ಬಳ್ಳಿಯ ಸೀರೆ ಅಂಗಡಿಯಿಂದ ಒಂದು ಹಳೆಯ ಗೊಂಬೆ ತಂದು ಸೀರೆ ಉಡಿಸಿ ನಿಲ್ಲಿಸಿದ. ಅದಕ್ಕೆ ಒಂದು ಕೈ ಇರಲಿಲ್ಲ. "ನಿನ್ನ ತಂಗಿ ಭಾಳ ಸೊರಗ್ಯಾಳಲ್ಲೋ" ಎಂದು ಮಂದಿ ಕಾಡಿಸಿದರೆ ಅವನು ಅದಕ್ಕೂ ನನ್ನ ಗಂಡನನ್ನೇ ಬೈಯುತ್ತಿದ್ದನಂತೆ.

ಹೀಗಿರುವಾಗ ಆ ಸಿನೆಮಾ ಬಂತು. ಹಿಂದಿ ಸಿನೆಮಾ, ಇಬ್ಬರು ಜಾದೂಗಾರರ ಹಗೆಯ ಕಥೆ. ಗಂಡ ಎಲ್ಲಿಂದಲೋ ಸುದ್ದಿ ಹಿಡಿದುಕೊಂಡು ಬಂದ. ಲಗ್ನವಾದಾಗಿನಿಂದ ಒಂದೂ ಸಿನೆಮಾ ತೋರಿಸದವನು ಅಂದು ನನಗೆ ಹೊಸ ಸೀರೆ ಉಡು ಅಂದ. ಹುಬ್ಬಳ್ಳಿಯ ಟಾಕೀಸಿನಲ್ಲಿ ಕೂತು ನೋಡಿದರೆ ನಮಗಿಂತ ನಾಲ್ಕು ಸಾಲು ಮುಂದೆ ಅಣ್ಣ. ಜಾದೂಗಾರರ ಸಿನೆಮಾ ಅಂದ ಮೇಲೆ ಅವನು ಬಿಟ್ಟಾನೆಯೇ?

ಸಿನೆಮಾದಲ್ಲಿ ಇಬ್ಬರದೂ ಉದ್ದ ಕೋಟು, ಎತ್ತರದ ಟೊಪ್ಪಿಗೆ, ಒಬ್ಬನಿಗೆ ಡೊಣ್ಣಮೂಗು. ಒಬ್ಬ ಇನ್ನೊಬ್ಬನ ಪಾರಿವಾಳಗಳಿಗೆ ಅಫೀಮು ತಿನ್ನಿಸುತ್ತಾನೆ. ಅವು ಟೊಪ್ಪಿಗೆಯಿಂದ ಹಾರುವ ಬದಲು ಬಿದ್ದು ನಿದ್ದೆ ಮಾಡುತ್ತವೆ. ಅದಕ್ಕೆ ಇವನು ಅವನ ಡೇರೆಗೆ ಬೆಂಕಿ ಹಚ್ಚುತ್ತಾನೆ. ಅವನು ಇವನ ಹಗ್ಗ ಕೊಯ್ಯುತ್ತಾನೆ, ಇವನು ಅವನ ಹಿಂದೆ ಊರೂರು ಅಲೆಯುತ್ತಾನೆ, ಇಬ್ಬರ ಗಡ್ಡವೂ ಬೆಳ್ಳಗಾಗುತ್ತದೆ. ಇಷ್ಟು ವರ್ಷ ಹಗೆ ಸಾಧಿಸಲು ಇವರಿಗೆ ಪುರಸೊತ್ತು ಹೇಗೆ ಸಿಕ್ಕಿತು, ಹೊಲದ ಕಳೆ ಯಾರು ತೆಗೆದರು, ಎಮ್ಮೆ ಯಾರು ಹಿಂಡಿದರು ಎಂದು ನನಗೆ ಒಂದೇ ಚಿಂತೆ. ನನ್ನ ಗಂಡ ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದ. ಒಬ್ಬ ಗೆದ್ದಾಗ ಇವನು ಚಪ್ಪಾಳೆ ಹೊಡೆಯುತ್ತಿದ್ದ, ಇನ್ನೊಬ್ಬ ಗೆದ್ದಾಗ ಮುಂದಿನಿಂದ ಅಣ್ಣ. ನಡುವೆ ಕೂತ ಮಂದಿ ಒಮ್ಮೆ ಹಿಂದೆ, ಒಮ್ಮೆ ಮುಂದೆ ನೋಡಿ ಸಾಕಾದರು.

ಆ ಸಿನೆಮಾದಲ್ಲಿ ಒಬ್ಬ ಹುಡುಗಿ ಇದ್ದಳು. ಗರಿಗರಿಯ ಫ್ರಾಕು ಹಾಕಿಕೊಂಡು ಪೆಟ್ಟಿಗೆ ಹೊಕ್ಕು, ಪೆಟ್ಟಿಗೆಯಿಂದ ಹೊರಬಂದು, ಕೈ ಮೇಲೆತ್ತಿ ನಗುವವಳು. ಮೊದಲು ಒಬ್ಬನ ಪೆಟ್ಟಿಗೆಯಲ್ಲಿ, ಆಮೇಲೆ ಇನ್ನೊಬ್ಬನದರಲ್ಲಿ. ನಾನು ನೋಡಿದ್ದು ಆಕೆಯನ್ನೇ. ನಗುವಾಗ ಆಕೆಯ ಎದೆ ಏರಿಳಿಯುತ್ತಿತ್ತು. ಓಡಿ ಬಂದಿದ್ದಾಳೆ ಪಾಪ ಅಂದುಕೊಂಡೆ.

ಇಂಟರ್ವಲ್ ಆಯಿತು. ಚಹಾ ಮಾರುವಲ್ಲಿ ಗದ್ದಲ. ಈ ಕಡೆ ಗಂಡ, ಆ ಕಡೆ ಅಣ್ಣ, ನಡುವೆ ನಾನು. ಅಣ್ಣ ನನ್ನನ್ನು ನೋಡಿದ. ನಾನು ನಕ್ಕೆ. ಅವನ ಕಣ್ಣು ನನ್ನ ಹೆಗಲು ದಾಟಿ ನನ್ನ ಗಂಡನ ಮೇಲೆ ಹೋಯಿತು, ಮುಖ ತಿರುಗಿಸಿ ಚಹಾ ಅರ್ಧಕ್ಕೇ ಚೆಲ್ಲಿ ಒಳಗೆ ಹೋದ. ಇವನೂ ಹಾಗೆಯೇ. ನನ್ನನ್ನು ಮರೆತು ಒಬ್ಬನೇ ಒಳಗೆ ಹೋಗಿ ಕೂತ. ನಾನು ಕತ್ತಲಲ್ಲಿ ಸಾಲು ಹುಡುಕುತ್ತ ಹೋದೆ.

ಇಂಟರ್ವಲ್ ಆದಮೇಲೆ ಆ ಹುಡುಗಿ ಬರಲೇ ಇಲ್ಲ. ಸಾಯಲಿಲ್ಲ, ಊರು ಬಿಡಲಿಲ್ಲ, ಲಗ್ನವೂ ಆಗಲಿಲ್ಲ. ಇಲ್ಲ ಅಷ್ಟೇ. ಗಡ್ಡದ ಇಬ್ಬರು ಒಬ್ಬರನ್ನೊಬ್ಬರು ಕೊಲ್ಲುವ ಭರದಲ್ಲಿ ಆಕೆಯನ್ನು ವಾಪಸು ಕರೆಯುವುದನ್ನು ಮರೆತರು. ಸಿನೆಮಾ ತೆಗೆದವನೂ ಮರೆತ. ಟಾಕೀಸಿನ ಮಂದಿಯೂ ಕೇಳಲಿಲ್ಲ.

ಬಸ್ಸಿನಲ್ಲಿ ಗಂಡ ಹೇಳುತ್ತಲೇ ಬಂದ. "ಆ ಡೊಣ್ಣಮೂಗಿನ್ಯಾವ ಅಗದಿ ನಿಮ್ಮಣ್ಣನ ನೋಡ. ಹೊಟ್ಟಿಕಿಚ್ಚಿನ ಮನಶಾ."

"ಆ ಹುಡುಗಿ ಏನಾದಳ್ರಿ?" ಎಂದು ಕೇಳಿದೆ.

"ಯಾವ ಹುಡುಗಿ?" ಅಂದ.

ಮಾರನೆಯ ದಿನ ಅವ್ವ ಫೋನು ಮಾಡಿದಳು. ಅಣ್ಣನದೂ ಅದೇ ಪುರಾಣ, ಡೊಣ್ಣಮೂಗಿನವನು ನನ್ನ ಗಂಡನಂತೆ. "ಸಿನೆಮಾದಾಗ ಒಬ್ಬಾಕಿ ಹುಡುಗಿ ಇದ್ದಳಲ್ಲ, ಕೇಳ ಅವನ್ನ" ಅಂದೆ. ಅವ್ವ ಕೇಳಿ ಬಂದು, "ಹುಡುಗಿ ಇದ್ದದ್ದ ನೆನಪಿಲ್ಲ ಅಂತಾನವಾ" ಅಂದಳು. ನಾನು ಮಾಯವಾದರೆ ಇವರಿಬ್ಬರಿಗೆ ಗೊತ್ತಾದರೂ ಆಗುತ್ತದೆಯೇ ಎಂದು ನೋಡಬೇಕೆನಿಸಿತು.

ಆ ವರ್ಷ ಪಂಚಮಿಗೆ ತಿರ್ಲಾಪುರದ ಹುಡುಗರ ಸಂಘದವರು ಇಬ್ಬರನ್ನೂ ಒಂದೇ ವೇದಿಕೆಗೆ ಕರೆದರು. ಇದರಲ್ಲಿ ಅವರ ತಪ್ಪೂ ಇಲ್ಲ. ನಮ್ಮ ಕಡೆ ಗೀಗೀ ಪದದವರನ್ನು ಕರೆಸಿದರೆ ಎರಡು ಮೇಳ ಕರೆಸುತ್ತಾರೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರ ಮಾನ ಒಬ್ಬರು ಹರಾಜು ಹಾಕಿ, ಹಾಡು ಮುಗಿದ ಮೇಲೆ ಒಂದೇ ತಾಟಿನಲ್ಲಿ ಚುರುಮುರಿ ತಿನ್ನುತ್ತಾರೆ. ವೇದಿಕೆಯ ಮೇಲಿನ ಜಗಳ ಜಗಳವಲ್ಲ ಎಂಬುದು ನಮ್ಮ ಜನರಿಗೆ ಹುಟ್ಟಿನಿಂದಲೇ ಗೊತ್ತು. ಜಾದೂದವರನ್ನೂ ಹಾಗೆಯೇ ಜೋಡಿ ಕರೆಸೋಣ, ಮಜಾ ಬರುತ್ತದೆ ಅಂದುಕೊಂಡರು.

ಕಾರ್ಯಕ್ರಮ ರೊಟ್ಟಿ ಹಬ್ಬದ ದಿನ, ಅಂದರೆ ಪಂಚಮಿಯ ಹಿಂದಿನ ದಿನ. ಮುಂಜಾನೆ ಗಂಡನಿಗೆ ಹೇಳಿದೆ. "ಅಣ್ಣ ಅಲ್ಲೇ ಸಿಗ್ತಾನ. ನೀವೊಂದ ಮಾತಾಡ್ಸಿದ್ರ ಅವ ಕರೀತಾನ್ರಿ. ನಾ ಅಲ್ಲಿಂದನ ಅವ್ವನ ಕಡೆ ಹೋಗಿ ಬರ್ತೀನಿ."

"ಮೊದ್ಲ ಅವ ಸೋಲ್ಲಿ. ಆಮ್ಯಾಲ ನೋಡೂಣು" ಅಂದ.

ಎರಡು ಟ್ರ್ಯಾಕ್ಟರಿನ ಟ್ರ್ಯಾಲಿ ಜೋಡಿಸಿ ವೇದಿಕೆ ಮಾಡಿದ್ದರು. ಮೊದಲ ಸರದಿ ಅಣ್ಣನದು. ಅವನು ಬಾಯಿಂದ ರಿಬ್ಬನ್ನು ಎಳೆದ, ಹಗ್ಗ ಕತ್ತರಿಸಿ ಜೋಡಿಸಿದ, ಒಂಟಿಗೈ ಗೊಂಬೆಯನ್ನು ಮಾಯ ಮಾಡಿದ, ನಡುನಡುವೆ ನನ್ನ ಗಂಡನನ್ನು ಹೀಯಾಳಿಸಿದ. ಜನ ಸೀಟಿ ಹೊಡೆದರು. ಅವನು ಬೆವರು ಒರೆಸುತ್ತ ಇಳಿದಾಗ ಟ್ರ್ಯಾಲಿಯ ಹಿಂದೆ ಹಿಡಿದು ನಿಲ್ಲಿಸಿದೆ.

"ಅಣ್ಣಾ, ನಾಳೆ ಪಂಚಮಿ."

"ನೀ ನೋಡಾಕಿರು" ಅಂದ. "ನಿನ್ನ ಗಂಡನ ಪೆಟಗಿ ಇವತ್ತ ಎಲ್ಲಾರ ಮುಂದ ಬಿಚ್ಚಿ ಒಗೀತೀನಿ."

ನಾನು ಕೇಳಿದ್ದು ಅವನ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅವನು ಹೇಳಿದ್ದು ನನಗಲ್ಲ, ನನ್ನ ಗಂಡನಿಗೆ. ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂದು ನಮ್ಮವ್ವ ಅನ್ನುತ್ತಿದ್ದಳು. ಇವರ ಮೂಗು ಎಲ್ಲಿದೆ ಎಂದು ನನಗೆ ಅಷ್ಟು ಹೊತ್ತಿಗೆ ಹೊಳೆದಿತ್ತು.

ಗಂಡನ ಸರದಿ ಬಂತು. ಚಮಕಿ ಹಚ್ಚಿದ ಕೆಂಪು ಸೀರೆಯಲ್ಲಿ ನಾನು ಪೆಟ್ಟಿಗೆ ಹೊಕ್ಕೆ, ಜನರಿಗೆ ಕೈ ಬೀಸಿದೆ. ಬಾಗಿಲು ಮುಚ್ಚಿತು. ಕಂಬಳಿ ಸರಿಸಿ, ಪರದೆ ದಾಟಿ, ಟ್ರ್ಯಾಲಿಯಿಂದ ಇಳಿದೆ. ಎಡಕ್ಕೆ ಹೋದರೆ ಗೋಡೆ ಬಳಸಿ ಜನರ ಹಿಂದೆ. ಬಲಕ್ಕೆ ಹೋದರೆ ಡಾಂಬರು ರಸ್ತೆ. ಮೇಲೆ ನನ್ನ ಗಂಡ ಗಂಟಲು ಹರಿಯುವ ಹಾಗೆ ಮಂತ್ರ ಒದರುತ್ತಿದ್ದ. ನಾನು ಬಲಕ್ಕೆ ಹೋದೆ.

ಹುಬ್ಬಳ್ಳಿಯ ಬಸ್ಸು ಬಂತು, ಹತ್ತಿದೆ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ, ಆಧಾರ ಕಾರ್ಡು ಸೊಂಟದ ಚೀಲದಲ್ಲಿ ಇದ್ದೇ ಇರುತ್ತದೆ. ಕಂಡಕ್ಟರು ನನ್ನ ಚಮಕಿಯನ್ನೂ ಕೆನ್ನೆಯ ಬಣ್ಣವನ್ನೂ ನೋಡಿ, "ಎಲ್ಲಿ ನಾಟಕ ಐತ್ರೀ?" ಎಂದು ಕೇಳಿದ.

"ನಾಟಕ ಮುಗೀತ್ರೀ" ಅಂದೆ.

ಬಸ್ಸಿನ ತುಂಬ ತವರಿಗೆ ಹೊರಟವರು. ಮುಂದೆ ತಂಗಿ, ಪಕ್ಕದಲ್ಲಿ ಚೀಲ ಹಿಡಿದ ಅಣ್ಣ. ನನ್ನ ಬಾಜು ಕೂತವಳು ಹೂ ಮುಡಿದು ಹಿಗ್ಗಿ ಹೀರೇಕಾಯಿಯಾಗಿದ್ದಳು. "ನಿಮ್ಮಣ್ಣ ಎಲ್ಲಿ ಕುಂತಾರ್ರಿ?" ಎಂದು ಕೇಳಿದಳು. "ಹಿಂದ ಬರಾಕತ್ತಾನ್ರಿ" ಅಂದೆ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿದೆ. ಹುಬ್ಬಳ್ಳಿಯಲ್ಲಿ ಇಳಿದು ಕುಂದಗೋಳದ ಬಸ್ಸು, ಅಲ್ಲಿಂದ ಟಂಟಂ ರಿಕ್ಷಾ. ಕುಬಿಹಾಳಕ್ಕೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು.

ಅಪ್ಪ ಕುರಿಗಳ ಜೊತೆ ಅಡವಿಯಲ್ಲಿದ್ದ. ಅವ್ವ ಒಬ್ಬಳೇ ಅಂಗಳದಲ್ಲಿ ಹುರಿದು ಅರಳಿಸಿದ ಜೋಳದ ಅಳ್ಳು ಕೇರುತ್ತ ಕೂತಿದ್ದಳು. ನನ್ನನ್ನು ನೋಡಿ ಎದ್ದವಳು ಮೊದಲು ನನ್ನ ಹಿಂದೆ ನೋಡಿದಳು. "ಯಾರ ಕರಕೊಂಡ ಬಂದ್ರವಾ?"

"ಯಾರೂ ಇಲ್ಲ. ನಾನ ಬಂದೆ."

ಅವ್ವನ ಮುಖ ಸಣ್ಣದಾಯಿತು, ಆಮೇಲೆ ತಬ್ಬಿಕೊಂಡಳು. ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಳ್ಳತೊಡಗಿತು. ಅಣ್ಣನದು.

"ಎತ್ತಬ್ಯಾಡ."

"ಅಂಜಿರ್ತಾರವಾ."

"ಅಂಜ್ಲಿ."

ಫೋನು ನಿಂತಿತು, ಮತ್ತೆ ಬಡಿಯಿತು. ಅವ್ವ ಅಳ್ಳಿನ ಮೊರ ಹಿಡಿದು ನನ್ನನ್ನೂ ಫೋನನ್ನೂ ನೋಡುತ್ತ ಕೂತಳು. ಎಷ್ಟಾದರೂ ಅವನನ್ನೂ ಹೆತ್ತವಳು. ಕಡೆಗೆ ಎತ್ತಿ "ಬಂದಾಳಪಾ, ಇಲ್ಲೇ ಅದಾಳ" ಎಂದಷ್ಟೇ ಹೇಳಿ ಇಟ್ಟಳು. ಅತ್ತ ಕಡೆಯಿಂದ ಬಂದ ಸದ್ದು ನನಗೂ ಕೇಳಿಸಿತು. ಗಂಡಸೊಬ್ಬ ಉಸಿರು ಬಿಟ್ಟ ಸದ್ದು. ಯಾರದೆಂದು ತಿಳಿಯಲಿಲ್ಲ.

ಅಲ್ಲಿ ಏನು ನಡೆಯಿತೆಂದು ನನಗೆ ತೋರಿಸಿದ್ದು ಬಾಜುಮನೆಯ ಹೆಂಗಸು. ಹೊತ್ತು ಮುಳುಗುವ ಮೊದಲೇ ಅದರ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. "ನಿನ್ನ ಗಂಡ ಏನ ಆ್ಯಕ್ಟಿಂಗ್ ಮಾಡ್ಯಾನ ಬೇ!" ಎಂದು ಕುಣಿಯುತ್ತ ಬಂದಳು.

ಗಂಡ ಕೋಲು ತಿರುಗಿಸಿ ಬಾಗಿಲು ತೆಗೆಯುತ್ತಾನೆ. ಪೆಟ್ಟಿಗೆ ಖಾಲಿ. ಚಪ್ಪಾಳೆ. ಅವನು ಎದೆ ಉಬ್ಬಿಸಿ, ಕೈ ಚಾಚಿ, "ಹಿಂದ ಹೊಳ್ಳಿ ನೋಡ್ರೀ!" ಅನ್ನುತ್ತಾನೆ. ಜನವೆಲ್ಲ ಹೊರಳಿ ನೋಡುತ್ತಾರೆ. ಹಿಂದೆ ಒಂದು ಎಮ್ಮೆ ನಿಂತಿದೆ. "ಹೇಂತಿನ್ನ ಎಮ್ಮಿ ಮಾಡ್ಯಾನಲೇ!" ಎಂದು ಯಾರೋ ಕೂಗಿದ್ದೇ ತಡ, ನಗೆಯೋ ನಗೆ. ಗಂಡ ಪೆಚ್ಚಾಗಿ ಮತ್ತೆ ಕೈ ಚಾಚುತ್ತಾನೆ. ಎಮ್ಮೆ ಬಾಲ ಆಡಿಸುತ್ತದೆ. ಅವನು ಕಂಬಳಿ ಸರಿಸಿ ಹಿಂದೆ ಇಣುಕುತ್ತಾನೆ, ಕೆಳಗೆ ಜಿಗಿಯುತ್ತಾನೆ, ಮತ್ತೆ ಏರಿ ಬರುತ್ತಾನೆ. ಮುಖದಲ್ಲಿ ರಕ್ತವಿಲ್ಲ. ನಮ್ಮಲ್ಲಿ ಗಂಡ ಹೆಂಡತಿಯನ್ನು ನಾಲ್ಕು ಮಂದಿಯ ಮುಂದೆ ಹೆಸರು ಹಿಡಿದು ಕರೆಯುವುದಿಲ್ಲ. ಇವನು ಮೈಕಿನಲ್ಲಿ ನನ್ನ ಹೆಸರು ಕೂಗಿದ.

ಅಣ್ಣ ಒಂದೇ ನೆಗೆತಕ್ಕೆ ವೇದಿಕೆ ಹತ್ತಿದ. "ನನ್ನ ತಂಗಿ ಎಲ್ಲಿ ಲೇ?" ಎಂದು ಇವನ ಕೊರಳಪಟ್ಟಿ ಹಿಡಿದ. "ನಾಗೇಶಿ ಬಂದಾ!" ಎಂದು ಜನ ಕುಣಿದರು. "ಖರೇನ ಕಾಣವಲ್ಲಳೋ ದೋಸ್ತಾ" ಅಂದ ನನ್ನ ಗಂಡ. ದೋಸ್ತ ಎಂಬ ಮಾತು ಅವನ ಬಾಯಿಂದ ಲಗ್ನದ ನಂತರ ಬಂದಿರಲಿಲ್ಲ. ಇಬ್ಬರೂ ಸೇರಿ ಕಂಬಳಿ ಕಿತ್ತರು, ಹಲಗೆ ಕಿತ್ತರು. ಇಷ್ಟು ವರ್ಷ ಮುಚ್ಚಿಟ್ಟ ಗುಟ್ಟು ಹಾಡಹಗಲೇ ಬತ್ತಲೆ ನಿಂತಿತು, ಆದರೆ ಜನರಿಗೆ ಅದು ಬೇಕಾಗಿರಲಿಲ್ಲ. ಅವರು ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಡ ಕೈ ಮುಗಿದ. "ಆಟ ಅಲ್ರೀ ಇದು. ನಿಮ್ಮ ಕಾಲಿಗಿ ಬೀಳ್ತೀನಿ, ಆಕಿನ್ನ ಯಾರರ ನೋಡೀರೇನ್ರೀ?" ಅವನ ಕಣ್ಣಲ್ಲಿ ನೀರಿಳಿಯುತ್ತಿತ್ತು. "ಒನ್ಸ್ ಮೋರ್!" ಎಂದು ಜನ ಕೂಗಿದರು. ಸಂಘದ ಅಧ್ಯಕ್ಷ ಓಡಿ ಬಂದು ಇಬ್ಬರಿಗೂ ಒಂದೇ ಹಾರ ಹಾಕಿದ.

ಹೊಟ್ಟೆ ತಣ್ಣಗಾಯಿತು. ಎಳ್ಳಷ್ಟೂ ಮರುಕ ಬರಲಿಲ್ಲ, ಯಾಕೆ ಬರಬೇಕು? ಇನ್ನೊಮ್ಮೆ ತೋರಿಸು ಎಂದು ಕೇಳಿ ನೋಡಿದೆ. ಎಮ್ಮೆಯನ್ನು ಮತ್ತೆ ಮತ್ತೆ ನೋಡಿದೆ. ನನ್ನ ಹೆಸರು ಕೂಗುವ ಜಾಗ ಬಂದಾಗ ಮಾತ್ರ ನೀರು ಕುಡಿದು ಬರುತ್ತೇನೆಂದು ಎದ್ದು ಹೋದೆ.

ಮರುದಿನ ಮುಂಜಾನೆ ಪಂಚಮಿ. ಹಾಲು ಎರೆಯುವಾಗ ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಎರೆಯಬೇಕು. ಅಣ್ಣನ ಪಾಲು, ಗಂಡನ ಪಾಲು ಅನ್ನುವಲ್ಲಿ ನಾನು ಕೆಮ್ಮಿದೆ. ಎಮ್ಮೆಯ ಪಾಲು ಎಂದು ಎರೆದೆ. ಅವ್ವ ತಲೆಗೆ ಮೊಟಕಿದಳು.

ಹಾಲೆರೆದು ಬಂದರೆ ಬಾಗಿಲಲ್ಲಿ ಒಂದು ಮೋಟರ್ ಸೈಕಲ್ಲು, ಅದರ ಮೇಲೆ ಇಬ್ಬರು. ಅಣ್ಣ ಮುಂದೆ, ನನ್ನ ಗಂಡ ಹಿಂದೆ, ಹಿಂದಿನ ದಿನದ ಹೊಳೆಯುವ ಕೋಟು ಮುದ್ದೆಯಾಗಿ. ಗಂಡ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದ. ಅಣ್ಣನೇ ನಗಲು ನೋಡಿದ.

"ಬಂದೀಯಲ್ಲ ತಂಗಿ, ಮುಗೀತ ಬಿಡು. ನಡೀರಿ ಒಳಗ, ಹಬ್ಬ ಮಾಡೂಣು."

ಮುಗೀತು ಅಂದದ್ದಕ್ಕೇ ನನ್ನ ಮೈ ಉರಿದುಹೋಯಿತು. ಅವರಿಗೆ ಮುಗಿಯಿತು. ಒಂದೇ ಹಾರದಲ್ಲಿ ಕೊರಳಿಟ್ಟುಕೊಂಡು ಬಂದಿದ್ದಾರೆ.

"ಎಲ್ಲಿ ಮುಗೀತು?" ಅಂದೆ. "ನಾ ಬಂದೀನಿ ಖರೇ. ನನ್ನ ಕರದಾವ್ರ ಯಾರು? ನೀವಿಬ್ರೂ ಹೊಳ್ಳಿ ಶಲವಡಿಗಿ ಹೋಗ್ರಿ. ಅಣ್ಣಾ, ನೀ ಆ ಹೊಸ್ತಲಾ ತುಳದ, ನನ್ನ ಕರದ ಬಾ."

"ನೀ ಇಲ್ಲೇ ಅದೀಯಲ್ಲ ಬೇ" ಅಂದ ಗಂಡ. "ಅಲ್ಲಿ ಯಾರನ್ನ ಕರೀಬೇಕ ಅವ?"

"ಪೆಟಗ್ಯಾಗ ಇಲ್ಲದಾಕಿನ್ನ ಇಷ್ಟ ವರ್ಷ ಕೈ ಚಾಚಿ ಕರದೀರಲ್ರಿ? ಹಂಗ ಕರೀರಿ."

"ಒಂದೀಟ ಹಾಲರ ಕುಡದ ಹೋಗ್ಲೆವಾ" ಎಂದು ಅವ್ವ ಬಟ್ಟಲು ತಂದಳು. ನಾನು ಬಟ್ಟಲಿಗೆ ಕೈ ಅಡ್ಡ ಹಿಡಿದೆ. "ನೀರೂ ಕೊಡಬ್ಯಾಡ ಯವ್ವಾ. ಅಲ್ಲಿ ಹೋಗಿ ಕುಡೀಲಿ." ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಗಾಡಿ ಹತ್ತಿದರು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ ಎಂದೇ ನಾನೂ ದನಿ ಎತ್ತರಿಸಿದ್ದೆ.

ಅವರು ಹೋದಮೇಲೆ ಹಬ್ಬ ನಡೆಯಿತು, ಆದರೆ ನಾನು ಅಂಗಳ ಬಿಟ್ಟು ಅಲುಗಲಿಲ್ಲ. ಬಾಜುಮನೆಯವಳು ಜೋಕಾಲಿಗೆ ಕರೆದಳು, ಒಲ್ಲೆ ಅಂದೆ. ಹೋಗುತ್ತಾರೋ, ದಾರಿಯಲ್ಲಿ ಚಹಾ ಕುಡಿದು ನಕ್ಕು ಹೊಳ್ಳಿ ಬರುತ್ತಾರೋ ಎಂದು ಜೀವ ಹೊಯ್ದಾಡುತ್ತಿತ್ತು. ಹಾಗೆ ಬಂದರೆ ಈ ಜನ್ಮದಲ್ಲಿ ಇಬ್ಬರ ಮುಖವನ್ನೂ ನೋಡಬಾರದು ಅಂದುಕೊಂಡೆ.

ಮಧ್ಯಾಹ್ನ ಅತ್ತೆಯ ಫೋನು ಬಂತು. ಆಕೆ ಯಾವಾಗಲೂ ಒದರಿ ಮಾತಾಡುವವಳು. ಅಂದು ಪಿಸುಗುಟ್ಟಿದಳು.

"ನಿಮ್ಮಣ್ಣ ಬಂದಾನ ಬೇ. ಹೊರಗ ನಿಂತಾನ. ನಿನ್ನ ಗಂಡ ತಂಬಗಿ ನೀರ ಕೊಟ್ಟಾ. ಕಾಲ ತೊಳಕೊಂಡಾ... ನೀರ ಕುಡದಾ... ಹೊಸ್ತಲಾ ದಾಟಿದಾ. ತಡಿ, ಫೋನ ಹಿಡೀತೀನಿ."

ಮೊದಲು ಶಲವಡಿಯ ಪಡಸಾಲೆಯ ಗಡಿಯಾರದ ಸದ್ದು ಕೇಳಿತು. ಆಮೇಲೆ ಅಣ್ಣನ ದನಿ. ವೇದಿಕೆಯ ಮೇಲಿನ ದೊಡ್ಡ ದನಿಯಲ್ಲಿ ಶುರುಮಾಡಿದವನು ನಡುವೆಯೇ ಸಣ್ಣಗಾದ. "ತಂಗೀ... ಪಂಚಮಿಗಿ ಕರ್ಯಾಕ ಬಂದೀನಿ. ಬಾರವಾ." ಖಾಲಿ ಅಡಿಗೆಕೋಣೆಯ ಕಡೆ ಮುಖ ಮಾಡಿಯಂತೆ, ನನ್ನ ಗಂಡ "ಹೋಗಿ ಬಾ" ಅಂದ. ಯಾರೂ ನಗಲಿಲ್ಲ.

"ಕೇಳ್ತಾ?" ಎಂದಳು ಅತ್ತೆ.

ಕೇಳಿತ್ತು. ಪಕ್ಕದಲ್ಲಿ ನಿಂತು ಕರೆದ ಹಾಗೆ ಕೇಳಿತ್ತು. "ಇಲ್ಲತ್ತೀ, ಕೇಳಲಿಲ್ಲ" ಅಂದೆ. "ಇನ್ನೊಮ್ಮಿ ಕರೀ ಅನ್ರಿ."

ಅಣ್ಣ ಇನ್ನೊಮ್ಮೆ ಕರೆದ. ಕೇಳಲಿಲ್ಲ ಅಂದೆ. ಮತ್ತೊಮ್ಮೆ ಕರೆದ. ಅವ್ವ ನನ್ನ ತೋಳು ಹಿಡಿದು "ಸಾಕ ಬಿಡವಾ" ಅಂದಳು. ನಾನು ಬಿಡಲಿಲ್ಲ. ತಪ್ಪಿಹೋದ ಒಂದೊಂದು ಪಂಚಮಿಗೂ ಒಂದೊಂದು ಸಲ ಕರೆಸಿದೆ. ಆ ವರ್ಷದ್ದರ ಸರದಿ ಬಂದಾಗ ಅವನ ದನಿ ಪೂರಾ ಒಡೆದಿತ್ತು. ಆಗ, "ಬಂದೆ ಅಣ್ಣಾ" ಅಂದೆ.